ಟಿಕೆಟ್ಟಿನ ಒಂದು ಗಂಟೆ
ಬೆಂಗಳೂರಿನಿಂದ ಚೆನ್ನೈಗೆ ವಿಮಾನದಲ್ಲಿ ಎಷ್ಟು ಹೊತ್ತು? ಸುಮಾರು ಒಂದು ಗಂಟೆ ಎನ್ನುತ್ತದೆ ಟಿಕೆಟ್ಟು. ಎರಡು ನಿಲ್ದಾಣಗಳ ನಡುವಿನ ಆಕಾಶದೂರ 270 ಕಿ.ಮೀ. ಆಸುಪಾಸು, ನಿಜವಾದ ಹಾರಾಟ ಮುಕ್ಕಾಲು ಗಂಟೆಯೊಳಗೇ ಮುಗಿಯುವುದುಂಟು. ಉಳಿದದ್ದು ಗೇಟಿನಿಂದ ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ಗೇಟು ಸೇರುವುದು. ಕಂಪನಿಗಳು ವೇಳಾಪಟ್ಟಿಯಲ್ಲಿ ಕೊಂಚ ಸಡಿಲವನ್ನೂ ಇಟ್ಟುಕೊಂಡಿರುತ್ತವೆ. ‘ನಿಗದಿತ ಸಮಯಕ್ಕಿಂತ ಮೊದಲೇ ತಲುಪಿದ್ದೇವೆ’ ಎಂಬ ಹೆಮ್ಮೆಯ ಘೋಷಣೆಯ ಗುಟ್ಟು ಅದೇ. ಆದರೆ ಬೆಂಗಳೂರಿನ ಅಂಚಿನಲ್ಲಿರುವ ಸರ್ಜಾಪುರದವರ ಲೆಕ್ಕವೇ ಬೇರೆ. ಇಲ್ಲಿಂದ ದೇವನಹಳ್ಳಿ ಬಳಿಯ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 40 ಕಿ.ಮೀ. ಕೂಡ ಇಲ್ಲ, ರಸ್ತೆಯಲ್ಲಿ 50 ದಾಟುತ್ತದೆ. ದೊಮ್ಮಸಂದ್ರ, ವರ್ತೂರು, ವೈಟ್‌ಫೀಲ್ಡ್ ಕಳೆದು ಬೂದಿಗೆರೆಯ ದಾರಿ ಹಿಡಿದು ತಲುಪಲು ಸಂಜೆ ಎರಡು ಗಂಟೆಯಾದರೂ ಬೇಕು. ಅಂದರೆ ಚೆನ್ನೈಗಿಂತ ದೇವನಹಳ್ಳಿಯೇ ದೂರ! 2008ರ ಮೇ ತಿಂಗಳಲ್ಲಿ ಹೊಸ ನಿಲ್ದಾಣ ತೆರೆಯುವವರೆಗೆ ಎಚ್‌ಎಎಲ್ ನಿಲ್ದಾಣ ಇದರ ಅರ್ಧ ದೂರದಲ್ಲೇ ಇತ್ತು. ಪಕ್ಕದ ಹೊಸೂರಿನಲ್ಲಿ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು 2024ರಲ್ಲಿ ಘೋಷಿಸಿತು, ಆದರೆ ಬೆಂಗಳೂರು ನಿಲ್ದಾಣದ 150 ಕಿ.ಮೀ. ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬೇಡವೆನ್ನುವ ಒಪ್ಪಂದದ ಷರತ್ತು 2033ರವರೆಗೆ ಇದೆ. ರಸ್ತೆ, ಭದ್ರತಾ ತಪಾಸಣೆ, ಹಾರಾಟ, ಚೆನ್ನೈನ ಟ್ಯಾಕ್ಸಿ ಎಲ್ಲ ಕೂಡಿಸಿದರೆ ಐದು ಗಂಟೆ ಮೀರುತ್ತದೆ. ಹೊಸೂರು, ಕೃಷ್ಣಗಿರಿ, ವೆಲ್ಲೂರು ಮಾರ್ಗವಾಗಿ ಕಾರಿಗೆ ಆರೇಳು ಗಂಟೆ; ಇಷ್ಟೆಲ್ಲ ಪಾಡುಪಟ್ಟು ವಿಮಾನದಲ್ಲಿ ಉಳಿಯುವುದು ಒಂದೆರಡು ಗಂಟೆಯಷ್ಟೇ. ದೆಹಲಿಗಾದರೆ ವಿಮಾನವೇ ಸರಿ. ಚೆನ್ನೈಗೆ ಹೊರಟ ಸರ್ಜಾಪುರದವರು ಹೊಸೂರು ರಸ್ತೆ ಹಿಡಿಯುವುದೇ ಮೇಲು.