ಸ್ಟೆಂಟ್ ಹಾಕಿದ ಮೇಲೆ ನಿದ್ದೆಯನ್ನೂ ವಿಚಾರಿಸಿ

ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಬರುವವರೆಲ್ಲ ದೆವ್ವ ಬಿಡಿಸಿಕೊಳ್ಳಲು ಬಂದವರೆಂದು ಹೊರಗಿನವರು ತಿಳಿದಿದ್ದಾರೆ. ಮಲೇಬೆನ್ನೂರು ಸೀಮೆಯ ನಮಗೆ ಹಾಗಲ್ಲ. ಹೊಸ ಟ್ರ್ಯಾಕ್ಟರಿಗೂ ಅಲ್ಲಿನ ಗದ್ದುಗೆಯ ಅಜ್ಜಯ್ಯ, ಜಮೀನಿನ ತಕರಾರಿಗೂ ಅಜ್ಜಯ್ಯ. ಈಚೆಗೆ ಆ ಗದ್ದಲದಲ್ಲಿ ಇನ್ನೊಂದು ಬಗೆಯವರೂ ಕಾಣುತ್ತಾರೆ. ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು, ರಿಪೋರ್ಟೆಲ್ಲ ‘ನಾರ್ಮಲ್’ ಬಂದರೂ ರಾತ್ರಿ ಕಣ್ಣು ಮುಚ್ಚಲಾಗದವರು. ನಮ್ಮ ಯಜಮಾನರು ಅವರಲ್ಲೊಬ್ಬರು.

ಭದ್ರಾ ನಾಲೆಯ ನೀರಿನ ಸರದಿ ನಡುರಾತ್ರಿ ಬಂದರೂ ಬ್ಯಾಟರಿ ಹಿಡಿದು ಒಬ್ಬರೇ ಗದ್ದೆಗೆ ಹೋಗುತ್ತಿದ್ದವರು ಅವರು. ದಾವಣಗೆರೆಯಿಂದ ಡಿಸ್ಚಾರ್ಜ್ ಆಗಿ ಬಂದ ಮೇಲೆ ಬಚ್ಚಲಮನೆಯ ಚಿಲಕ ಹಾಕುವುದನ್ನೇ ಬಿಟ್ಟರು. ಒಳಗೇ ಬಿದ್ದರೆ ಯಾರು ಎತ್ತುವವರು ಎಂಬ ಲೆಕ್ಕ. ಮಣಿಕಟ್ಟಿನ ಮೇಲೆ ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತ ನಾಡಿ ಎಣಿಸುವುದು. ಬೆವರಿದರೆ ಇಸಿಜಿ, ತೇಗು ಬಂದರೆ ಇಸಿಜಿ. 2025ರ ಮಳೆಗಾಲದಲ್ಲಿ ಹಾಸನದ ಹೃದಯಾಘಾತದ ಸಾವುಗಳನ್ನೂ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಮುಗಿಬಿದ್ದ ಜನರನ್ನೂ ಟಿವಿಯವರು ದಿನವಿಡೀ ತೋರಿಸಿದರಲ್ಲ, ಆಗ ನಾನು ರಿಮೋಟನ್ನು ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟೆ.

‘ಆಸ್ಪತ್ರೇಲಿ ಯಾವ್ದೋ ಗಾಳಿ ಮೆಟ್ಟೈತೆ, ಅಜ್ಜಯ್ಯನ ಹತ್ರ ಕರ್ಕಂಡು ಹೋಗು’ ಅಂದರು ಅತ್ತೆ. ಹೋದೆವು. ತುಂಗಭದ್ರೆಯಲ್ಲಿ ಮುಳುಗೆದ್ದು ಬಟ್ಟೆ ಬದಲಾಯಿಸುವಾಗ ಪಕ್ಕದಲ್ಲಿದ್ದ ರಾಣೆಬೆನ್ನೂರು ಕಡೆಯ ಒಬ್ಬರ ಎದೆಯ ಮೇಲೆ ಬೈಪಾಸ್ ಹೊಲಿಗೆಯ ಗೆರೆ ಕಂಡಿತು. ಅವರೂ ರಾತ್ರಿಯೆಲ್ಲ ನಾಡಿ ಎಣಿಸುವವರೇ! ಗದ್ದುಗೆಯ ಸಾಲಿನಲ್ಲಿ ಇಬ್ಬರೂ ಬಿಡದೆ ಮಾತಾಡಿದರು. ಮನೆಯಲ್ಲಿ ನನಗೂ ಹೇಳದ ಮಾತು ಅಲ್ಲಿ ಬಂತು: ‘ಗಂಡಸಾಗಿ ಹೆದರ್ತೀನಿ ಅಂತ ಯಾರಿಗೆ ಹೇಳಾದು?’ ಆ ರಾತ್ರಿ ಅವರು ನಿದ್ದೆ ಮಾಡಿದ್ದು ಅಜ್ಜಯ್ಯನಿಂದಲೋ ರಾಣೆಬೆನ್ನೂರಿನವರಿಂದಲೋ, ನನಗೆ ಎರಡೂ ಒಂದೇ. ನಿಮ್ಹಾನ್ಸಿನ ವೈದ್ಯರೇ ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಂಡ ಮಾನಸಿಕ ರೋಗಿಗಳನ್ನು ಪರೀಕ್ಷಿಸಿ, ಅಲ್ಲಿದ್ದಷ್ಟು ದಿನಗಳಲ್ಲಿ ಅವರ ತೊಂದರೆ ತಗ್ಗಿತ್ತೆಂದು 2002ರಲ್ಲಿ ಬರೆದಿದ್ದಾರಂತೆ. ಹಾಗಾಗಿ ಉಕ್ಕಡಗಾತ್ರಿಗೆ ಹೋಗುವವರನ್ನು ನೋಡಿ ನಗುವವರ ಜತೆ ನಾನಿಲ್ಲ.

ಆದರೆ ನಾಲ್ಕನೇ ದಿನಕ್ಕೆ ಭಯ ವಾಪಸ್ ಬಂತು. ಜತೆಗೆ, ಹೇಗೂ ಸಾಯುವವನಿಗೆ ಇವೆಲ್ಲ ಯಾಕೆ ಎಂದು ಮಾತ್ರೆ ಬಿಡತೊಡಗಿದರು. ನನಗೆ ದಿಗಿಲು ಹುಟ್ಟಿಸಿದ್ದು ಇದು. ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದರೆ ಅದರೊಳಗೇ ರಕ್ತ ಹೆಪ್ಪುಗಟ್ಟಬಹುದು.

ನರ್ಸಿಂಗ್ ಓದುತ್ತಿರುವ ಮಗಳು ಆಗ ಹೇಳಿದ್ದು: ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಹಿಡಿಯುತ್ತದೆ. ಹಾಗೆ ಕುಗ್ಗಿದವರು ಆರು ತಿಂಗಳೊಳಗೆ ಸಾಯುವ ಸಂಭವ ಹೆಚ್ಚೆಂದು ಕೆನಡಾದ ಮಾಂಟ್ರಿಯಲ್‌ನ ಅಧ್ಯಯನ 1993ರಲ್ಲೇ ತೋರಿಸಿತ್ತು. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲವೇ, ಮನಸ್ಸು ಕುಗ್ಗಿದೆಯೇ ಎಂಬೆರಡು ಪ್ರಶ್ನೆಗಳನ್ನು ಹೃದ್ರೋಗಿಗಳಿಗೆ ಕೇಳಿರೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲಿ ಸಲಹೆ ಕೊಟ್ಟಿತು. ನಮ್ಮವರ ಡಿಸ್ಚಾರ್ಜ್ ಚೀಟಿಯಲ್ಲಿ ಉಪ್ಪು, ಎಣ್ಣೆ, ಬೀಡಿ, ವಾಕಿಂಗ್ ಎಲ್ಲ ಇತ್ತು, ಈ ಎರಡು ಪ್ರಶ್ನೆ ಇರಲಿಲ್ಲ.

ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಆಯಸ್ಸೇನೂ ಹೆಚ್ಚಲಿಲ್ಲ ಎಂದು 2003ರ ಒಂದು ದೊಡ್ಡ ಅಧ್ಯಯನ ಹೇಳಿದೆ. ಇರಲಿ. ಮನಸ್ಸಂತೂ ಹಗುರಾಯಿತು ಎಂದೂ ಅದೇ ಹೇಳಿದೆ. ಬದುಕಿದ್ದಷ್ಟು ದಿನ ಮನುಷ್ಯ ಚಿಲಕ ಹಾಕಿಕೊಂಡು ಸ್ನಾನ ಮಾಡಿದರೆ ಅದು ಸಣ್ಣ ಲಾಭವೇ? ಒಂದು ಎಚ್ಚರಿಕೆ ಮಾತ್ರ ಬೇಕು. ಗಾಬರಿಯ ಎದೆ ಬಿಗಿತ, ಬೆವರು, ಏದುಸಿರು ಎಲ್ಲವೂ ಅಟ್ಯಾಕಿನಂತೆಯೇ ಇರುತ್ತವೆ. ಮನೆಯವರೇ ‘ಬರೀ ಭಯ’ ಎಂದು ತೀರ್ಮಾನಿಸಬಾರದು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಹಾರ್ಟ್ ಅಟ್ಯಾಕಿನ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಮನಸ್ಸಿನ ತೊಂದರೆಗೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಇವು ಒಂದಕ್ಕೊಂದು ಪರಿಚಯವಿಲ್ಲದ ಬೀಗರ ಹಾಗೆ ಬೇರೆ ಬೇರೆ ಕೂತಿವೆ. ಸ್ಟೆಂಟ್ ಆದವರು ತಪಾಸಣೆಗೆ ಬಂದಾಗಲೆಲ್ಲ ಆ ಎರಡು ಪ್ರಶ್ನೆ ಕೇಳಿ, ನಿದ್ದೆ ವಿಚಾರಿಸಿ, ಬೇಕಾದವರನ್ನು ಮನೋವೈದ್ಯರ ಹತ್ತಿರ ಕಳಿಸಲಿ. ನಮ್ಮವರಿಗೆ ನಾವೇ ಹುಡುಕಿಕೊಂಡು ಹೋಗಿ ತೋರಿಸಿದ್ದಾಯಿತು. ಈಗ ಬಿಪಿ ಮಾತ್ರೆಯ ಜತೆ ಇನ್ನೊಂದು ಮಾತ್ರೆ ನುಂಗುತ್ತಾರೆ, ಉಪ್ಪಿನಕಾಯಿಗೆ ಜಗಳವನ್ನೂ ಆಡುತ್ತಾರೆ.

ಅಮಾವಾಸ್ಯೆಗಳಂದು ಉಕ್ಕಡಗಾತ್ರಿಯಲ್ಲೂ ಆರೋಗ್ಯ ಇಲಾಖೆಯವರು ಒಂದು ಮೇಜು ಹಾಕಲಿ. ಯಾವುದೋ ಕೋಣೆಯೊಳಗೆ ಬೇಡ, ಹೊಳೆಯಿಂದ ಗದ್ದುಗೆಗೆ ಹೋಗುವ ದಾರಿಯಲ್ಲಿ. ಬೋರ್ಡಿನ ಮೇಲೆ ‘ಮಾನಸಿಕ ರೋಗ’ ಎಂದು ಬರೆಯಬೇಡಿ. ‘ಹಾರ್ಟ್ ಆಪರೇಷನ್ ಆದವರು ವಿಚಾರಿಸಿ’ ಎಂದಿರಲಿ. ನಮ್ಮ ಯಜಮಾನರಂಥವರು ನಿಲ್ಲುವುದಾದರೆ ಅಂಥ ಬೋರ್ಡಿನ ಮುಂದೆಯೇ.