ಯಾರ ಬ್ಯಾಗು ಬಿಚ್ಚಿಸ್ತಾರೆ?

ಭಾನುವಾರ ಮಗನ ಜೊತೆ ಕೂತು ‘ದಿ ಮ್ಯೂಲ್’ ಸಿನಿಮಾ ನೋಡಿದೆ. 2018ರದ್ದು. ಕ್ಲಿಂಟ್ ಈಸ್ಟ್‌ವುಡ್ ನಟಿಸಿ ನಿರ್ದೇಶಿಸಿದ್ದು. ಮನೆ ಕಳ್ಕೊಂಡ ತೊಂಬತ್ತರ ಮುದುಕ, ಹೂ ಬೆಳೆಯೋನು, ಮೆಕ್ಸಿಕೋ ಗ್ಯಾಂಗಿನ ಕೊಕೇನನ್ನು ತನ್ನ ಪಿಕಪ್‌ನಲ್ಲಿ ಸಾಗಿಸ್ತಾನೆ. ಹಾಡ್ಕೊಂಡು ಹೈವೇಲಿ ಹೋಗ್ತಾನೆ. ಯಾರಿಗೂ ಅನುಮಾನ ಬರಲ್ಲ. ಬಿಳಿಯ, ಮುದುಕ, ಮಾಜಿ ಸೈನಿಕ. ಅನುಮಾನ ಎಲ್ಲಿಂದ ಬರಬೇಕು?

ಇದಕ್ಕೆ ಆಧಾರ ಲಿಯೋ ಶಾರ್ಪ್ ಅನ್ನೋ ನಿಜವಾದ ಮನುಷ್ಯ. 2011ರಲ್ಲಿ ಮಿಷಿಗನ್‌ನಲ್ಲಿ ಸಿಕ್ಕಿಬಿದ್ದಾಗ ಅವನಿಗೆ 87 ವರ್ಷ. ಗಾಡೀಲಿ ಇದ್ದದ್ದು 100 ಕಿಲೋಗೂ ಹೆಚ್ಚು ಕೊಕೇನ್. ಆಗಿದ್ದು ಮೂರು ವರ್ಷ ಶಿಕ್ಷೆ.

ನನ್ನನ್ನು ಕಾಡಿದ್ದು ಇನ್ನೊಂದು ದೃಶ್ಯ. ಪೊಲೀಸರು ಒಬ್ಬ ಲ್ಯಾಟಿನೋ ಡ್ರೈವರ್‌ನ ತಡೀತಾರೆ. ಅವನ ಹತ್ರ ಏನೂ ಇಲ್ಲ. ಆದ್ರೂ ನಡುಗ್ತಾನೆ. ತನ್ನ ಜೀವನದಲ್ಲಿ ಅತೀ ಅಪಾಯದ ಐದು ನಿಮಿಷ ಇದೇ ಅಂತಾನೆ. ನಗಿಸೋಕೆ ಇಟ್ಟ ದೃಶ್ಯ. ನನಗೆ ನಗು ಬರಲಿಲ್ಲ.

ಮಗ ಮೆಲ್ಲಗೆ ಅಂದ, "ಅಪ್ಪ, ಅವತ್ತು ನಿಂಗೂ ಹಿಂಗೇ ಆಯ್ತಲ್ವಾ?"

ಹೌದು. ಕಳೆದ ವರ್ಷ ಸಭೆ ಮುಗಿಸಿ ಅವನನ್ನ ಬೈಕಲ್ಲಿ ಕೂರಿಸ್ಕೊಂಡು ಬರ್ತಿದ್ದೆ. ನಾಕಾಬಂದಿ. ಮುಂದಿದ್ದ ದೊಡ್ಡ ಕಾರನ್ನು ಕೈ ಬೀಸಿ ಬಿಟ್ರು. ನನ್ನ ಬ್ಯಾಗು ರಸ್ತೆಗೆ ಸುರಿದ್ರು. ಟಿಫನ್ ಬಾಕ್ಸು, ಆಫೀಸಿನ ಫೈಲು, ನೀಲಿ ಶಾಲು. ಶಾಲು ನೋಡಿದ ಮೇಲೆ ಕೇಳಿದ್ದು, "ಯಾವೂರಲೇ? ಯಾವ ಕೇರಿ?" ಗಾಂಜಾ ಹುಡುಕೋಕೆ ಕೇರಿ ಯಾಕೆ ಬೇಕು ಅಂತ ನಾನು ಕೇಳಲಿಲ್ಲ. ಮಗ ಪಕ್ಕದಲ್ಲೇ ನಿಂತಿದ್ದ.

ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಗಾಂಜಾ 20 ಕಿಲೋ ಮೀರಿದ್ರೆ ಕನಿಷ್ಠ 10 ವರ್ಷ ಶಿಕ್ಷೆ, ಜಾಮೀನು ಬಲು ಕಷ್ಟ. ಲೋಡಿನಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ ಅನ್ನೋದನ್ನ ಡ್ರೈವರೇ ಸಾಬೀತು ಮಾಡಬೇಕು. ಸಂಬಳಕ್ಕೆ ಸ್ಟೇರಿಂಗ್ ಹಿಡಿದವನು ಒಳಗೆ. ಲೋಡ್ ಕಳಿಸಿದವನು ಎಲ್ಲಿ? ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅವರಲ್ಲಿ ದಲಿತರ ಪಾಲು ನಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚು.

ಡ್ರಗ್ಸ್ ಹಿಡೀಬೇಡಿ ಅಂತಿಲ್ಲ. ಖಂಡಿತ ಹಿಡೀರಿ. ಅದಕ್ಕೆ ಮೊದಲು ಬಲಿಯಾಗೋದೂ ನಮ್ಮ ಕೇರಿ ಹುಡುಗರೇ. ಆದ್ರೆ ಮುಖ ನೋಡಿ, ಕೇರಿ ಕೇಳಿ ಹುಡುಕಿದ್ರೆ ಸರಕು ಪಕ್ಕದ ಗಾಡೀಲಿ ಆರಾಮಾಗಿ ದಾಟಿ ಹೋಗುತ್ತೆ. ಆ ಮುದುಕನ ಅಸಲಿ ಪರ್ಮಿಟ್ಟು ಅವನ ಬಣ್ಣ. ನಮ್ಮಲ್ಲಿ ಆ ಪರ್ಮಿಟ್ಟಿನ ಹೆಸರು ಜಾತಿ.

ಮಗನಿಗೆ ಹೇಳಿದ್ದೀನಿ, ಮುಂದಿನ ಸಲ ಕೇಳ್ತೀನಿ ಅಂತ.

ಜೈ ಭೀಮ್.