ವಿಮಾನಕ್ಕೆ ಮೊದಲು ಅಡುಗೆಮನೆ
ಜರ್ಮನಿಗೆ ಓದಲು ಹೊರಟ ಮಕ್ಕಳ ಸೂಟ್‌ಕೇಸಿಗೆ ಸಾರಿನ ಪುಡಿ, ಚಟ್ನಿಪುಡಿ ತುಂಬುವ ಅಪ್ಪ ಅಮ್ಮಂದಿರು ಅದಕ್ಕೂ ಮೊದಲು ಅವರನ್ನು ಅಡುಗೆಮನೆಗೆ ಕರೆಯಬೇಕು. ಜರ್ಮನಿಯಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ತರಕಾರಿಯನ್ನು ಶನಿವಾರವೇ ತಂದಿಟ್ಟುಕೊಳ್ಳದಿದ್ದರೆ ಊಟಕ್ಕೆ ತತ್ವಾರ. ಇಲ್ಲಿಂದ ಒಯ್ದ ಸಾದಾ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರುವುದು ಕಷ್ಟ. ಓವನ್ನಿನಲ್ಲಿ ದೀಪವನ್ನಷ್ಟೇ ಹಾಕಿ ಹಿಟ್ಟಿನ ಪಾತ್ರೆ ಇಟ್ಟರೆ ಆ ಬೆಚ್ಚನೆಗೆ ಉಬ್ಬುತ್ತದೆ. ತೊಗರಿಬೇಳೆ ಸಿಗದ ಊರಿನಲ್ಲೂ ಟರ್ಕಿಯವರ ಅಂಗಡಿಯ ಕೆಂಪು ಮಸೂರ್ ಬೇಳೆಯಿಂದ ಒಳ್ಳೆಯ ಸಾರಾಗುತ್ತದೆ, ಕುಕ್ಕರ್ ಇಲ್ಲದೆಯೂ 20 ನಿಮಿಷದಲ್ಲಿ ಬೇಯುತ್ತದೆ. ಇಂಥ ಹೊಂದಾಣಿಕೆಗಳು ಹೊಳೆಯುವುದು ಅಡುಗೆಯ ಮೂಲಪಾಠ ಕೈಗೆ ಹತ್ತಿದವರಿಗೆ. ಹೆಣ್ಣುಮಕ್ಕಳಿಗಷ್ಟೇ ಒಲೆ ತೋರಿಸಿ ಗಂಡುಮಕ್ಕಳನ್ನು ಹೊರಗಿಡುವ ನಮ್ಮ ರೂಢಿ, ದೂರದ ಊರಿನಲ್ಲಿ ಆ ಹುಡುಗರನ್ನು ಒಣ ಬ್ರೆಡ್ಡಿಗೂ ಪರರ ದಯೆಗೂ ಕಟ್ಟಿಹಾಕುತ್ತದೆ. ಅನ್ನ, ಸಾರು, ಒಂದು ಪಲ್ಯ ಮಾಡಿಕೊಳ್ಳಲು ಬಂದರೆ ಪರದೇಶದ ಬದುಕು ಅರ್ಧ ಹಗುರವಾಗುತ್ತದೆ. ಕಾಲೇಜಿನ ಶುಲ್ಕ ಹೊಂದಿಸುವಷ್ಟೇ ಕಾಳಜಿಯಿಂದ ಈ ವಿದ್ಯೆಯನ್ನೂ ಕಲಿಸಿ ಕಳಿಸೋಣ.